ತೊಂಬತ್ತರ ತನಕ

ಚಿದ್ರಿಯ ಬಾವಿಗಳಲ್ಲಿ ಬಿದ್ದ ಕೊಡಗಳಿಗೆಲ್ಲ
ಝರೆಪ್ಪ ಮಾಮಾನ ಕೈ ಗೊತ್ತಿತ್ತು.
ಸ್ಟೀಲಿನದಕ್ಕೆ ಐದು ರೂಪಾಯಿ, ತಾಮ್ರದ್ದಾದರೆ ಹತ್ತು.
ಮನುಷ್ಯರನ್ನು ತೆಗೆದದ್ದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ,
ಆ ರಾತ್ರಿ ಉಣ್ಣುತ್ತಲೂ ಇರಲಿಲ್ಲ.

ಹಗ್ಗದ ಈ ತುದಿ ನನ್ನ ಮುಂಗೈಗೆ.
ಕೆಂಪು ಕಲ್ಲಿನ ದಂಡೆಗೆ ಹೊಟ್ಟೆಯೂರಿ
ನೀರಿಗೆ ಕೇಳುವಂತೆ ನಾನು ಎಣಿಸಬೇಕು.
"ತೊಂಬತ್ತಾಗೂದ್ರಾಗ ನಾ ಬರ್ಲಿಲ್ಲಂದ್ರ ಜಗ್ಗು, ನಂದಾ.
ನೂರರ ಲೆಕ್ಕ ನಿಂಗ್ಯಾಕ?"

ಮುಂದೆ ದ್ವೀಪವೊಂದರಲ್ಲಿ, ಬಾಡಿಗೆಯ ಸಿಲಿಂಡರು ಹೊತ್ತು,
ಮೊದಲ ದಿನ ಕಲಿಸಿದ ಮೊದಲ ಪಾಠ:
ಮೂಗು ಹಿಡಿ. ಬಾಯಿ ಮುಚ್ಚು. ಮೆಲ್ಲಗೆ ಊದು.
ಇಳಿದ ಪ್ರತಿ ಮೊಳಕ್ಕೂ ಊದು,
ಇಲ್ಲದಿದ್ದರೆ ಕಿವಿ ಒಡೆಯುತ್ತದೆ.
ಉಳಿದವರು ಊದಿ, ನಕ್ಕು, ನೀರಿಗಿಳಿದರು.
ನಾನು ಮೂಗು ಹಿಡಿದವಳು ಹಿಡಿದೇ ಕೂತೆ.
ಇಷ್ಟೇನಾ?
ಮಾಮಾನ ಎಡಗಿವಿಗೆ ಹತ್ತು ವರ್ಷ ನಾನು ಕೂಗಿ ಕೂಗಿ
ಗಂಟಲು ಹರಿದುಕೊಂಡದ್ದು
ಯಾರೂ ಹೇಳದೆ ಬಿಟ್ಟ ಇಷ್ಟೇ ಮಾತಿಗಾ?

ಆಮೇಲೆ ಕೆಲಸ. ಕೆಲಸವೆಂದರೆ
ಆನೆಮೀನಿಗಾಗಿ ಹನ್ನೊಂದು ದಿನ ಕಾದು
ಹನ್ನೆರಡನೇ ದಿನ ದೋಣಿಯವನಿಗೆ ಜ್ವರ.
ರಬ್ಬರು ಬಳೆಯಲ್ಲಿ ಸಿಕ್ಕ ಒಂದೇ ಕೂದಲು
ಸಾಲದ ಮೂರು ಲಕ್ಷದ ಕ್ಯಾಮೆರಾ ಮುಳುಗಿಸಿತು. ನನ್ನದೇ ಕೂದಲು.
ಅಂದೇ ಜಡೆ ಕತ್ತರಿಸಿದೆ.
ಅವ್ವ ದೀಪಾವಳಿಯ ತನಕ ಮಾತು ಬಿಟ್ಟಳು.
ಬಾಗಿಲು ಬಿಚ್ಚಿದ ಹೆಲಿಕಾಪ್ಟರಿನಿಂದ ಅರ್ಧ ಮೈ ಹೊರಗೆ,
ಸೊಂಟದ ಪಟ್ಟಿಯ ಕಂದು ಗೆರೆ ಇನ್ನೂ ಇದೆ;
ಕೆಳಗೆ ಉಪ್ಪಿನ ಗದ್ದೆಗಳು,
ಅಲ್ಲೊಬ್ಬಳು ತಲೆ ಎತ್ತದೆ ಉಪ್ಪು ಎಳೆಯುತ್ತಿದ್ದಳು.
ಆ ಚಿತ್ರಕ್ಕೆ ಬಹುಮಾನ ಬಂತು.
ಅವಳ ಹೆಸರು ನಾನು ಕೇಳಲಾಗಲಿಲ್ಲ,
ಆರುನೂರು ಅಡಿ ಮೇಲಿದ್ದೆ.

"ನಮ್ಮೂರಂದು ಒಂದು ಮ್ಯಾಲಿಂದ ತಗಿಯವಾ,
ಕೋಟಿ, ಕೆರಿ, ಎಲ್ಲಾ ಬರೂಹಂಗ," ಎಂದರು ಮನೆಯ ಸುತ್ತಲಿನವರು.
ಹೇಗೆ ಹೇಳಲಿ?
ಬೀದರಿನ ಆಕಾಶ ವಾಯುಪಡೆಯದು.
ಮೀಸೆ ಚಿಗುರುವ ಹುಡುಗರು ಅಲ್ಲಿ ಹಾರಲು ಕಲಿಯುತ್ತಾರೆ
ನಮ್ಮ ಪತ್ರಾಗಳನ್ನು ದಿನಾ ನಡುಗಿಸುತ್ತ.
ನನ್ನ ಡ್ರೋನು ಕಪಾಟಿನಲ್ಲಿ, ಅವ್ವನ ಸೀರೆಗಳ ಕೆಳಗೆ.

ಹಾಗಾಗಿ ಇಳಿದೆ.
ಅದೇ ಬಾವಿ. ಹಗ್ಗ ಈಗ ನನ್ನ ಸೊಂಟಕ್ಕೆ,
ಆ ತುದಿ ಮಾಮಾನ ಮುಂಗೈಗೆ, ಬೇಡವೆಂದರೂ ಕೇಳಲಿಲ್ಲ.

ತಳದಲ್ಲಿ ಅಂಗಾತ ಮಲಗಿ ನೋಡಿದರೆ
ಇಡೀ ಚಿದ್ರಿ ಒಂದು ತಾಟಿನಷ್ಟು ದುಂಡಗೆ:
ಅಂಚಿಗೆ ಬಾಗಿದ ಬೇವು, ಗಡಗಡೆಯ ಕಂಬ,
ಮಾಮಾನ ಬಿಳಿ ಟೋಪಿ,
ನಡುವೆ ಖಾಲಿ ನೀಲಿ.
ಒಂದು ವಿಮಾನ ಬರಬೇಕು, ಅಷ್ಟೇ.
ಹತ್ತಕ್ಕೆ ಅವರ ಪಾಠ ಶುರು.
ನನ್ನ ಗುಳ್ಳೆಗಳೇ ತಾಟನ್ನು ಕಲಕುತ್ತಿದ್ದವು.
ಮಾಡಬಾರದ್ದು ಮಾಡಿದೆ, ಉಸಿರು ಹಿಡಿದೆ.
ನೀರು ನಿಂತಿತು. ಬೇವಿನ ಒಂದೊಂದು ಎಲೆಯೂ ಕಂಡಿತು.
ಎದೆಗೂಡಿಗೆ ಮೊದಲು ಗುಡುಗು,
ಆಮೇಲೆ ಅಂಚಿನಲ್ಲಿ ರೆಕ್ಕೆಯ ಮೂಲೆ,
ಬೆರಳು ಒತ್ತಿತು,

ಹಗ್ಗ ಜಗ್ಗಿತು.

ಊದುತ್ತ ಊದುತ್ತ ಮೇಲೆ ಬಂದೆ, ಮೊಣಕೈ ಕಲ್ಲಿಗೆ ತರಚಿ.
"ಗುಳ್ಳಿ ನಿಂತುವು," ಎಂದ. ಕೈ ಥರಥರ ಅನ್ನುತ್ತಿತ್ತು.
"ನಾ ಎಣಿಸ್ದೆ."
"ಅರ್ಧಾ ತಾಸಿಂದು ಗಾಳಿ ಇನ್ನಾ ಇತ್ತಲ್ಲೋ ಮಾಮಾ," ಅಂದೆ.
ಸಿಟ್ಟಿನಲ್ಲಿ ಎಡಗಡೆ ನಿಂತು ಅಂದುಬಿಟ್ಟಿದ್ದೆ.
ಅವನು ಹಗ್ಗ ಸುತ್ತುತ್ತಿದ್ದ.

ಚಿತ್ರ ಕೆಟ್ಟಿದೆ. ಯಾವ ಪತ್ರಿಕೆಯೂ ಕೊಳ್ಳುವುದಿಲ್ಲ.
ವಿಮಾನದ ಜಾಗದಲ್ಲಿ ಉದ್ದಕ್ಕೆ ಎಳೆದ ಒಂದು ಬೂದಿ ಗೆರೆ,
ಅಡ್ಡಲಾಗಿ ಹಗ್ಗ,
ಮೇಲೆ ತುದಿಯಲ್ಲಿ ಟೋಪಿ ಬಿದ್ದ ಬೋಳು ತಲೆ,
ತೆರೆದ ಬಾಯಿ.
ಎಂಬತ್ತೊಂಬತ್ತೋ, ತೊಂಬತ್ತೋ.
ದೊಡ್ಡದು ಮಾಡಿ ಮಾಡಿ ನೋಡುತ್ತೇನೆ, ತುಟಿ ಓದಲು ಬರುವುದಿಲ್ಲ.