ಶಹಾತನ ನೋಟ್‌ಬುಕ್ಕು

ಇದು ಮೂರನೆಯ ಸಲ.
ಹಿಂದಿನೆರಡು ಸಲವೂ ಇನ್ಸಾಫ್
ಶಹಾತನ ಮನೆಯಲ್ಲಿ ಚಹಾ ಕುಡಿದು,
ಮೊಣಕಾಲು ನೋವಿಗೆ ಮುಲಾಮು ಬರೆದುಕೊಟ್ಟು
ಕೇಳಬೇಕಾದ್ದನ್ನು ಕೇಳದೆ
ತಾಂತಾಕ್ಕೆ ವಾಪಸು ಹೋಗಿದ್ದಳು.

ಈ ಕಡೆ ನೈಲ್ ನದಿಯೆಂದರೆ ನದಿಯಲ್ಲ.
ಕಾಲುವೆ, ಕಾಲುವೆಯ ಮರಿ, ಮರಿಯ ಮರಿ,
ಕೊನೆಗೊಂದು ಚೊಂಬು ನೀರು ಹತ್ತಿಗಿಡದ ಬುಡಕ್ಕೆ.
ಆ ನೀರಲ್ಲಿ ಶಂಖದ ಹುಳು,
ಅದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಹುಳು.
ಈಜಲಿಳಿದ ಹುಡುಗನ ಚರ್ಮ ಅದಕ್ಕೆ
ಅಗುಳಿಯಿಲ್ಲದ ಬಾಗಿಲು.
ಉಚ್ಚೆ ಕೆಂಪಗಾದರೆ
‘ಗಂಡಸಾದ’ ಎಂದು ನಗುತ್ತಿದ್ದರಂತೆ ಅಜ್ಜಂದಿರು.

ಆ ನಗುವಿನೊಳಕ್ಕೆ ಸೈಕಲ್ ಹೊಡೆದುಕೊಂಡು ಬಂದವನು ಶಹಾತ,
ಇಪ್ಪತ್ತೆರಡರ ಕಾಂಪೌಂಡರ್.
ಹಿಂದೆ ಕಟ್ಟಿದ್ದು ಸೀಮೆಎಣ್ಣೆ ಸ್ಟವ್ವು, ಅಲ್ಯುಮಿನಿಯಂ ಪಾತ್ರೆ,
ಹತ್ತಿಯಲ್ಲಿ ಸುತ್ತಿದ ಆರು ಗಾಜಿನ ಸಿರಿಂಜು.
ಶಾಲೆಯಂಗಳದಲ್ಲಿ ಸಾಲು,
ಪ್ರತಿ ಸೋಮವಾರ, ಹನ್ನೆರಡು ವಾರ.
ಹುಳು ಸತ್ತಿತು. ನಿಜವಾಗಿಯೂ ಸತ್ತಿತು.
ಊರಿಗೆ ಊರೇ ಅವನ ಕೈಗೆ ಮುತ್ತಿಟ್ಟಿತು.

ಅವರ ಭಾಷೆಯಲ್ಲಿ ತಾಯಿ ಮಗುವನ್ನು
‘ನನ್ನ ಯಕೃತ್ತೇ’ ಎಂದು ಕರೆಯುತ್ತಾಳೆ.
ನಮ್ಮಲ್ಲಿ ಕರುಳಿಗೆ ವಹಿಸಿದ ಕೆಲಸ
ಅಲ್ಲಿ ಯಕೃತ್ತಿನದು.
ಇನ್ಸಾಫ್‌ಳ ತಾಯಿಯೂ ಹಾಗೇ ಕರೆಯುತ್ತಿದ್ದಳು,
ಹೊಟ್ಟೆ ನೀರು ತುಂಬಿ ಬಿಗಿದು
ಹೊಸ್ತಿಲು ದಾಟಲಾಗದಿದ್ದ ವರ್ಷವೂ.
ಬಚ್ಚಲಲ್ಲಿ ರಕ್ತ ಕಾರಿದ ರಾತ್ರಿ ಮಾತ್ರ
ಏನೂ ಕರೆಯಲಿಲ್ಲ.

ಆಮೇಲೆ ಮಗಳು ಓದಿದ್ದೆಲ್ಲ ಅದೊಂದೇ ಅಂಗ.
ಮಂಜಿನ ಪೆಟ್ಟಿಗೆ ಹೊತ್ತು ಮನೆಮನೆ ತಿರುಗಿ
ಸಾವಿರದ ನೂರಾ ಹದಿಮೂರು ನಳಿಗೆ ರಕ್ತ.
ನಕಾಶೆಯ ಮೇಲೆ ಚುಕ್ಕಿ ಇಡುತ್ತ ಹೋದಳು:
ಕಾಲುವೆಯ ದಂಡೆಗೆ ಅಂಟಲಿಲ್ಲ ಚುಕ್ಕಿಗಳು,
ಸಂತೆಗೂ ಇಲ್ಲ, ಹಜಾಮನ ಅಂಗಡಿಗೂ ಇಲ್ಲ.
ಐವತ್ತು ದಾಟಿದವರು.
ಆ ಶಾಲೆಗೆ ಹೋದವರು.

‘ಅಮ್ಮೋ ಶಹಾತ, ಎಷ್ಟು ಹೊತ್ತು ಕುದಿಸುತ್ತಿದ್ದಿರಿ?’

ಕೇಳಿಬಿಟ್ಟಳು.
ಮುದುಕ ಲೋಟ ಕೆಳಗಿಟ್ಟ.
‘ಸಾಲು ಉದ್ದವಿದ್ದರೆ ಸ್ವಲ್ಪ. ಸಾಲು ಯಾವಾಗಲೂ ಉದ್ದವೇ.’
ಎದ್ದು ಹೋಗಿ, ಟ್ರಂಕಿನಿಂದ
ಇಲಿ ಕಡಿದ ನೋಟ್‌ಬುಕ್ಕು ತಂದ. ಅವನಿಗೆ ಹೆಮ್ಮೆ.
ಒಂದು ಹೆಸರೂ ತಪ್ಪಿಲ್ಲ, ನೋಡು,
ಯಾರ ಹಿಂದೆ ಯಾರು ನಿಂತಿದ್ದರು, ಅದೂ ಇದೆ.

ಯಾರ ಹಿಂದೆ ಯಾರು.
ಇದನ್ನೇ ಅಲ್ಲವೆ ಏಳು ವರ್ಷ ಹುಡುಕಿದ್ದು?
ಅವಳ ಬೆರಳು ಪುಟದ ಮೇಲೆ ಇಳಿಯಿತು, ನಿಂತಿತು.
ಹದಿನಾಲ್ಕನೆಯವಳು, ವಯಸ್ಸು ಒಂಬತ್ತು,
ಪಕ್ಕದಲ್ಲಿ ನೀಲಿ ಶಾಯಿ: ‘ತುಂಬಾ ಅತ್ತಳು. ಖರ್ಜೂರ ಕೊಟ್ಟೆ.’

ಪ್ರತಿ ಸೋಮವಾರದ ತುದಿಯಲ್ಲೂ
ಮೊದಲ ಹೆಸರು ಒಂದೇ.
‘ಇದು ನೀವಲ್ಲವೆ?’
‘ಮಕ್ಕಳು ಹೆದರಬಾರದಲ್ಲ.
ಮೊದಲು ನನಗೇ ಚುಚ್ಚಿಕೊಂಡು ತೋರಿಸುತ್ತಿದ್ದೆ,
ಬರೀ ಉಪ್ಪುನೀರು. ನೋಡಿ, ನಗುತ್ತಿದ್ದೇನೆ, ಅಂತ.’

ಹೊರಗೆ ಕತ್ತೆಗಾಡಿಯೊಂದು ಈರುಳ್ಳಿ ಕೂಗುತ್ತ ಹೋಯಿತು.
ಯಾರಿಂದ ಯಾರಿಗೆ, ಎಲ್ಲಿಂದ ಶುರು,
ಎಂಬ ಪ್ರಶ್ನೆ ಅವಳ ಗಂಟಲಲ್ಲಿ
ಮೀನಿನ ಮುಳ್ಳಿನ ಹಾಗೆ.
ಪ್ರಬಂಧದಲ್ಲಿ ಬರೆಯಬಹುದು.
ಈ ಚಾಪೆಯ ಮೇಲೆ ಆಡುವುದಕ್ಕೆ
ಅವಳ ಬಳಿ ಬಾಯಿಲ್ಲ.

‘ಹುಳು ಹೋಯಿತಲ್ಲವೆ ಆ ಮಕ್ಕಳಿಗೆ?’
‘ಹೋಯಿತು,’ ಅಂದಳು.

ಈಗ ಮಾತ್ರೆ ಬಂದಿದೆ, ಹನ್ನೆರಡೇ ವಾರ.
ಅಮ್ಮ ಸತ್ತ ಆರು ವರ್ಷಕ್ಕೆ ಬಂತು.
ನಿಮ್ಮದೂ ಒಂದಿಷ್ಟು ರಕ್ತ ಬೇಕು, ಅಂದಾಗ
ಅವನು ತೋಳು ಮಡಚಿ ಮುಂದೆ ಚಾಚಿದ,
ಸಾಲಿನಲ್ಲಿ ಮೊದಲು ನಿಂತು ರೂಢಿಯಾದವನಂತೆ.
ಹೊಸ ಸೂಜಿಯ ಕಾಗದ ಹರಿದಳು.
ಒಣ ತೊಗಲಿನ ಕೆಳಗೆ ನರ ಜಾರಿತು, ಸಿಕ್ಕಿತು.

ಮುದುಕ ಹತ್ತಿಯನ್ನು ತಾನೇ ಒತ್ತಿಕೊಂಡು
ಹಳದಿ ಡಬ್ಬಿಗೆ ಬಿದ್ದ ಸೂಜಿಯತ್ತ ನೋಡಿದ:
ಒಂದೇ ಸಲಕ್ಕೆ ಎಸೆದುಬಿಡುವುದೇ, ಒಳ್ಳೆಯ ಉಕ್ಕು.
ಆಮೇಲೆ ಕಸುಬುದಾರನೊಬ್ಬ ಇನ್ನೊಬ್ಬರಿಗೆ ಹೇಳುವ ಹಾಗೆ
‘ಹಗುರ ನಿನ್ನ ಕೈ,’ ಅಂದ,
‘ಯಾರಮ್ಮ ಕಲಿಸಿದ್ದು?’