ಪ್ಯಾರಿಸ್ಸಿಗೆ ಹೊಂಟ ಅಕ್ಕೋರಿಗೆ

ಹತ್ರಿ ಸಾವಳಗಿ ಅಕ್ಕೋರ, ಹಿಂದ ಬ್ಯಾಡ, ಮುಂದ ಬರ್ರಿ,
ಹಿಂದಿನ ಹಲಗಿ ಸಡ್ಲ ಆಗೇತಿ.
ಬಜಾರ ತುಂಬ ಸುದ್ದಿ: ಚಿತ್ರದ ಅಕ್ಕೋರು
ಪಿಂಚಣಿ ಗಂಟು ಬಿಚ್ಚಿ
ಎಂಟು ದಿನಕ್ಕ ಪ್ಯಾರಿಸ್ಸಿಗೆ ಹೊಂಟಾರಂತ.
ನಾ ಸೊಲ್ಲಾಪುರ ದಾಟಿದಾಂವ ಅಲ್ಲ.
ಆದರ ಮೂವತ್ತೆಂಟು ವರ್ಷ ಗೋಳಗುಮ್ಮಟದ ಗೇಟಿನ ಮುಂದ
ಊರು ನೋಡಾಕ ಬಂದವರನ್ನ ನೋಡಿದಾಂವ.
ಅದಕ್ಕ ಈ ಬಂದಗೀಸಾಬನ ಮಾತು ಕೇಳ್ರಿ.

ಇಳದ ಕೂಡಲೆ ಯಾಂವ ಮೊದಲ ಮಾತಾಡಸ್ತಾನ,
ನಕ್ಕೋತ ಚೀಲಕ್ಕ ಕೈ ಹಾಕ್ತಾನ,
ಅಂವನ ಕೂಡ ಹೋಗಬ್ಯಾಡ್ರಿ.
ಇಲ್ಲಿ ಅಂವ ನಾನ.

‘ಇವತ್ತ ಅದು ಬಂದ್’ ಅಂದರ ತೆರದಿರತೈತಿ.
‘ಇಲ್ಲೇ ಹತ್ತು ನಿಮಿಷ’ ಅಂದರ
ನಡುವ ಅಂವನ ಸೋದರಮಾವನ ಅಂಗಡಿ ಇರತೈತಿ.
ಇಬ್ರಾಹಿಂ ರೋಜಾದ ಹಾದಿ ನನ್ನ ಕೈಯಾಗ
ಎಷ್ಟ ಸಲ ಆಸಾರ ಮಹಲು, ಜೋಡ ಗುಮ್ಮಟ ಸುತ್ತೇತೋ
ಈ ಶಹಜಾದಿಯ ಅವ್ವ ಮಲಿಕಾಗ ಗೊತ್ತಿತ್ತು.
ಕುದುರಿ, ಯಾರ ಮುಂದ ಹೇಳತಿತ್ತು?

ಅಲ್ಲಿ ನಿಂತು ಚಾ ಕುಡದರ ಒಂದು ರೇಟ,
ಕುಂತರ ಇನ್ನೊಂದು,
ಹೊರಗ ಬಿಸಲಾಗ ಕುಂತರ ಮತ್ತೂ ಹೆಚ್ಚಂತ!
ಬಿಸಲಿಗೆ ರೊಕ್ಕಾ, ಅಕ್ಕೋರ!
ವಿಜಾಪುರದವರಿಗೆ ಈ ವ್ಯಾಪಾರ ಹೊಳೀಲೇ ಇಲ್ಲ ನೋಡ್ರಿ.
ಒಂದಕ್ಕ ಹೋಗಾಕೂ ಚಿಲ್ಲರ ಬೇಕಂತ,
ಅದನ್ನ ಸೆರಗಿನ ತುದಿಗೆ ಬ್ಯಾರೆ ಕಟಗೋರಿ.
ಕಟಕ ರೊಟ್ಟಿ, ಶೇಂಗಾ ಹಿಂಡಿ ನಿಮಗ ಹೇಳೂದ ಬ್ಯಾಡ.

ಗುಣಿಸಬ್ಯಾಡ್ರಿ. ಒಂದಕ್ಕ ನೂರು, ನೂರಾ ಹತ್ತು ಅಂತ
ಬೆರಳ ಮಡಚಿದರ ತುತ್ತು ಇಳಿಯೂದಿಲ್ಲ.
ಇಲ್ಲಿ ಬಂದವರು ಭಾಗಸ್ತಿದ್ದರು.
ನಾ ಐನೂರು ಅಂದರ ಒಂದ ಗಳಿಗಿ ಕಣ್ಣು ಮ್ಯಾಲ ಹೋಗಿ
ಕೆಳಗ ಬಂದಾಗ ನಗತಿದ್ದರು.
ಆ ನಗೀಮ್ಯಾಲ ನನ್ನ ಇಬ್ಬರು ಹೆಣ್ಣಮಕ್ಕಳ ನಿಕಾ ಆಗೇತಿ.

ಹಾದಿ ತಪ್ಪಿದರ ಕಾಯಿಪಲ್ಲೆ ಚೀಲ ಹಿಡದ ಹೆಂಗಸನ್ನ ಕೇಳ್ರಿ.
ಆಕಿಗೆ ಮನೀಗೆ ಹೋಗೂ ಗಡಬಡಿ,
ಸುಳ್ಳು ಹೇಳಾಕ ಯಾಳೇ ಇರೂದಿಲ್ಲ.

ಕಬ್ಬಿಣದ್ದೊಂದು ಬುರುಜು ಐತಂತಲ್ಲ, ಮುಗಲಿಗೆ ಹತ್ತಿದ್ದು,
ಏರಬ್ಯಾಡ್ರಿ.
ನಮ್ಮ ಉಪ್ಪಲಿ ಬುರುಜು ಏರಿದಾಂವಗ
ಊರೆಲ್ಲಾ ಕಾಣತೈತಿ,
ಉಪ್ಪಲಿ ಬುರುಜೊಂದ ಕಾಣೂದಿಲ್ಲ.

ಒದರಬ್ಯಾಡ್ರಿ ಆ ಊರಾಗ.
ಗುಮ್ಮಟದಾಗ ಒದರಿದಾಂವಗ ತನ್ನ ದನಿನ
ಏಳು ಸಲ ತಿರುಗಿ ಬಂದು ಬಡೀತೈತಿ.
ಗ್ವಾಡಿಗೆ ಬಾಯಿ ಹಚ್ಚಿ ಮೆಲ್ಲಕ ಅಂದದ್ದು
ಆಚೀ ದಂಡ್ಯಾಗ ಕುಂತಾಂವಗ ಮುಟ್ಟತೈತಿ.

ಅಗೋ, ಬಾರಾ ಕಮಾನ.
ಇಲ್ಲೇ ಒಬ್ಬಾಕಿ ಮುದುಕಿ ಇಳದ್ಲು, ಯಾವ ದೇಶದಾಕಿನೋ,
ಗುಮ್ಮಟ ಬ್ಯಾಡ ಅಂದ್ಲು, ತೋಪು ಬ್ಯಾಡ ಅಂದ್ಲು,
ಅರ್ಧಕ್ಕ ನಿಂತ ಆ ಕರೀ ಕಮಾನಗಳ ಮುಂದ ಹುಲ್ಲಿನ ಮ್ಯಾಲ ಕುಂತು
ಸಂಜೀತನ ಒಂದ ಕಮಾನ ಬರದ್ಲು.
ಒಂದ. ಅದೂ ಮುಗೀಲಿಲ್ಲ.
ನಾ ಬಾಡಿಗಿ ಮುನ್ನೂರು ಹೆಚ್ಚ ಹೇಳಿದೆ.
ಎಣಿಸಿ ಕೊಟ್ಲು. ಮ್ಯಾಲ ಇನ್ನೊಂದ ನೋಟು ತಗದು
ಮಲಿಕಾನ ಕಡೆ ಬಟ್ಟು ಮಾಡಿ,
ಹುಲ್ಲು ಮೇದಂಗ ಬಾಯಿ ಆಡಿಸಿ ತೋರಿಸಿದ್ಲು.

ಆಕಿಗೆ ಎಲ್ಲಾ ಗೊತ್ತಿತ್ತು, ಅಕ್ಕೋರ.
ಅವತ್ತ ರಾತ್ರಿ ಕಂಕಿ ಹಾಕೂಮುಂದ
ಮಲಿಕಾನ ಮಾರಿ ನೋಡಲಿಲ್ಲ ನಾನು.

ನೀವೂ ಅಲ್ಲಿ ಎಲ್ಲಾ ಚಿತ್ರ ನೋಡಾಕ ಹೋಗಬ್ಯಾಡ್ರಿ.
ಮತ್ತ, ಎಲ್ಲಾ ಮೋಸಾನೂ ಹಿಡೀಬ್ಯಾಡ್ರಿ.
ಒಂದರ ಬಿಡ್ರಿ, ಸಣ್ಣದು.
ಅಂವನ ಮನ್ಯಾಗೂ ಏನರ ಒಂದು ಮೇಯತಿರಬೇಕು.

ತಗೋರಿ, ಗಾಂಧಿ ಚೌಕ ಬಂತು.
ಎಂಬತ್ತಾತು.
ಏನು, ಐವತ್ತ?
ಇಷ್ಟ ಲಗೂ ಕಲತ್ರೇನ?