ಮುಚ್ಚಳ

ಭೂತದ ಸಿನಿಮಾ ಅಂದ್ರು. ನಾನು ನಕ್ಕೆ.
ಕೌಲ್ ಬಜಾರಿನ ಈ ಎರಡು ಕೋಣಿ ಮನಿಯೊಳಗ
ಭೂತಕ್ಕ ಕಾಲು ಚಾಚಲಿಕ್ಕೆ ಜಾಗ ಎಲ್ಲೈತಿ?
ಹೊಲಿಗಿ ಮಷೀನು ಎರಡು, ಜೀನ್ಸ್ ಪ್ಯಾಂಟಿನ ಕಟ್ಟು ಎದಿಮಟ್ಟ,
ಜಿಪ್ಪಿನ ಚೀಲ, ಅಕ್ಕಿ ಚೀಲ. ಚಾಪಿ ಹಾಸಿದ್ರ
ನಮ್ಮ ಕಾಲೇ ಮಷೀನಿನ ಕೆಳಗ ಹೋಗತಾವ.

ದಾಡಿ ಬಿಟ್ಟ ಹುಡುಗ ಗೋಡಿ ಮುಟ್ಟಿ ಮುಟ್ಟಿ ನೋಡಿದ.
ಒಲಿ ಹಿಂದಿನ ಎಣ್ಣಿ ಜಿಡ್ಡು,
ಸ್ವಿಚ್ಚಿನ ಸುತ್ತ ನೀಲಿ ಬೆರಳಚ್ಚು
(ಬಣ್ಣ ಬಿಡೋ ಬಟ್ಟಿ, ಎಷ್ಟು ತಿಕ್ಕಿದ್ರೂ ಬೆರಳು ಬಿಡಂಗಿಲ್ಲ).
"ಏನೂ ಒರೆಸಬ್ಯಾಡ್ರಿ ಅಕ್ಕಾ" ಅಂದ.
ಜೇಡರ ಬಲಿ ನೀವೇ ತರ್ತೀರೇನು, ಅಂದೆ. ಹೊಗಿ? ಗೂಬಿ? ಬಿಳಿ ಸೀರಿ?
"ಅವನ್ನೆಲ್ಲ ನೋಡಿ ಜನ ನಗತಾರ.
ಹೆದರೋದು ತಮ್ಮ ಮನಿ ಹಂಗೇ ಇರೋ ಮನಿಗೆ."

ಒಂಬತ್ತು ದಿನ. ಮೇ ತಿಂಗಳು. ಫ್ಯಾನು ಹಾಕಂಗಿಲ್ಲ,
ಸದ್ದಾಗತೈತಿ ಅಂತ.
ಬಳ್ಳಾರಿ ಬಿಸಲಿಗೆ ನಟಿಯ ಮುಖದ ಬಣ್ಣ ಇಳೀತು,
ಆಮ್ಯಾಲೆ ಹಚ್ಚಲೇ ಇಲ್ಲ.
ನನ್ನ ನೈಟಿ ಕೇಳಿ ಇಸಗೊಂಡ್ಲು,
ಹೆಗಲ ಹೊಲಿಗಿ ಬಿಚ್ಚಿದ್ದೇ ಬೇಕಂತ.
ಬಾಗಲ ಸಂದಿಲೆ ನೋಡಿದೆ:
ನನ್ನ ಕಟ್ಟಿ ಮುಂದ ನನ್ನ ನೈಟಿ.
ಬೆನ್ನು ನಂದಲ್ಲ.

ಸದ್ದು ಹಿಡಿಯೋ ಹುಡುಗಿ ಒಬ್ಬಾಕಿ, ತಬಸ್ಸುಮ್ ಅಂತ,
ಕಿವಿಗೆ ದೊಡ್ಡ ಬಟ್ಟಲು ಕವಚಿಕೊಂಡು
ನಲ್ಲಿ ತೊಟ್ಟಿಕ್ಕೋದು, ಕುಕ್ಕರು, ಮಷೀನು ಓಡೋದು, ನಿಲ್ಲೋದು,
ಎಲ್ಲಾ ಹಿಡಕೊಂಡ್ಲು.
ಎಂಟೂವರಿಗೆ ಎರ್ರಿಸ್ವಾಮಿ ಬಂದ.
ಗಾಡಿ ಸ್ಟ್ಯಾಂಡು. ಚಪ್ಪಲಿ ಒಂದು. ಇನ್ನೊಂದು.
ಮಾತಿಲ್ಲ. ನೆಟ್ಟಗ ಅಡಿಗಿ ಕಟ್ಟಿಗೆ ಹೋಗಿ
ಒಂದು ಪಾತ್ರಿ ಮುಚ್ಚಳ ಎತ್ತಿ ನೋಡಿದ,
ಇಟ್ಟ.
ಇನ್ನೊಂದು ಎತ್ತಿದ,
ಇಟ್ಟ.
ಹತ್ತೊಂಬತ್ತು ವರ್ಷದಿಂದ ಹಂಗ.
ಬೈದವನಲ್ಲ, ಹೊಡದವನಲ್ಲ.
ಎಷ್ಟು ಮಾಡೀನಿ, ಎಷ್ಟು ಉಳಿದೈತಿ, ಮಧ್ಯಾಹ್ನ ಯಾರು ಬಂದು ಉಂಡು ಹೋದ್ರು,
ಅವಂಗ ಮುಚ್ಚಳ ಹೇಳತೈತಿ.
ಕೊನಿಗೆ ಉಪ್ಪಿನ ಡಬ್ಬಿ.
ಅದ್ಯಾಕ ಅಂತ ನಾನು ಯಾವತ್ತೂ ಕೇಳಿಲ್ಲ.

ಹುಡುಗಿ ಕಿವಿ ಒತ್ತಿ ಹಿಡಕೊಂಡ್ಲು.
ನನ್ನ ಕಡಿ ಒಂದು ಸಲ ನೋಡಿದ್ಲು. ಆಮ್ಯಾಲೆ ಅವಂಗ:
"ಅಣ್ಣಾರ, ಇನ್ನೊಮ್ಮೆ ಮಾಡ್ತೀರಾ?"
ಖುಷಿಲೆ ಏಳು ಸಲ ಮಾಡಿದ.
ಎರಡು ನೂರು ಕೊಟ್ರು.
"ಇದರಾಗೇನೈತಪ ಹೆದರೋದು" ಅಂತ
ಓಣಿಗೆಲ್ಲ ಹೇಳಿಕೋತ ತಿರಿಗಿದ.

ದಸರಾ ಮುಗಿದ ಮ್ಯಾಲೆ ಟಾಕೀಸಿಗೆ ಬಂತು.
ಓಣಿಗೆ ಓಣಿನೇ ಹೋದ್ವಿ, ವಗ್ಗರಣಿ ಮಿರ್ಚಿ ಕಟ್ಟಿಸಿಕೊಂಡು.
ಪರದಿ ತುಂಬ ನನ್ನ ಗೋಡಿ.
"ಏ, ಅಕ್ಕಾರ ಮನಿ ಕ್ಯಾಲೆಂಡರ್!" ಗಾದಿಲಿಂಗ ಕೂಗಿದ.
ಎಲ್ಲಾರೂ ನಕ್ಕರು. ಆಮ್ಯಾಲೆ ನಗಲಿಲ್ಲ.
ನೈಟಿ. ಬೆನ್ನು. ಗಾಡಿ ಸ್ಟ್ಯಾಂಡು.
ಚಪ್ಪಲಿ ಒಂದು.
ಇನ್ನೊಂದಕ್ಕ ಟಾಕೀಸಿಗೆ ಟಾಕೀಸೇ ಕಾದು ಕುಂತಿತು.
ಮೊದಲನೇ ಮುಚ್ಚಳಕ್ಕ
ಹಿಂದಿನ ಸಾಲಿನಾಗ ಯಾರೋ ಹೆಣಮಗಳು "ಯವ್ವಾ" ಅಂದ್ಲು.
ಮೂರನೇದಕ್ಕ ನನ್ನ ಪಕ್ಕದ ಕುರ್ಚಿ ಅಲುಗಿತು.
ತಿರುಗಿದೆ:
ಕಚ್ಚಿದ ಮಿರ್ಚಿ ಕೈಯಾಗ ಹಂಗೇ ಹಿಡದು
ಎರ್ರಿಸ್ವಾಮಿ ಕಣ್ಣು ಮುಚ್ಚಿದ್ದ.

ಆ ರಾತ್ರಿ ಕಟ್ಟಿ ಕಡಿಗೆ ಹೋಗಲಿಲ್ಲ ಅವ.
ಕಾಲು ತೊಳಕೊಂಡು ಸೀದಾ ಮಲಗಿದ.
ಮರುದಿನಾನೂ. ಅದರ ಮರುದಿನಾನೂ.
ಪೀಡಾ ಹೋತು ಅನಕೋಬೇಕಲ್ಲ ನಾನು?
ಎಂಟೂವರಿ ಆತಂದ್ರ
ಸೂಜಿ ಕೆಳಗ ಬಟ್ಟಿ ನಿಲ್ಲತಿತ್ತು.
ಬಾರದ ಸದ್ದಿಗೆ ಕಿವಿ ಕೊಟ್ಟು ಕೊಟ್ಟು
ಗೋಡಿ ಮ್ಯಾಲಿನ ಹಲ್ಲಿ ನಡದಾಡೋದೂ ಕೇಳಾಕ ಹತ್ತಿತು.

ನಾಕನೇ ರಾತ್ರಿ ತಡಕೊಳ್ಳಲಾರದ ಎದ್ದೆ.
ದೀಪ ಹಾಕಲಿಲ್ಲ.
ಅನ್ನದ ಬೋಗುಣಿ. ಎತ್ತಿದೆ, ಇಟ್ಟೆ.
ಸಾರು. ಎತ್ತಿದೆ,
ಇಟ್ಟೆ.
ಮೊಸರು.
ಉಪ್ಪಿನ ಡಬ್ಬಿಗೆ ಕೈ ಹಾಕೋದರಾಗ
ಒಳಗ ಚಾಪಿ ಕರಕರ ಅಂತು.
ಎದ್ದು ಕುಂತ.
ಯಾರದು, ಅನ್ನಲಿಲ್ಲ.